ಕಾಮಾಲೆಯಲ್ಲ

ನಮ್ಮೂರಿಗೆ ಬಣ್ಣ ಒಂದೇ, ಕಲ್ಲಹಲಗೆಯ ಬೂದಿ.
ಮಾಡು ಬೂದಿ, ಬೇಲಿ ಬೂದಿ,
ನೂರೈವತ್ತು ವರ್ಷ ಒಡೆದು ಸುರಿದ ಚೂರುಗಳ ಗುಡ್ಡ ಬೂದಿ,
ಗುಡ್ಡದ ಮೇಲೆ ಕೂತ ಆಕಾಶಕ್ಕೂ ಬೇರೆ ಅಂಗಿಯಿಲ್ಲ.
ವೇಲ್ಸ್‌ನ ನಕ್ಷೆಗೆ ಹಸಿರು ಬಳಿಯುತ್ತ ಬಂದವರಿಗೆ
ನಮ್ಮಲ್ಲಿಗೆ ತಲುಪುವಾಗ ಬಣ್ಣ ತೀರಿರಬೇಕು.

ಇಂಥಲ್ಲಿಗೆ ತಂದೆ ಅದನ್ನು.
ಅಂಗಡಿಯ ಹಿಂಬಾಗಿಲಲ್ಲಿ, ಅರ್ಧ ಬೆಲೆಯ ಗಾಡಿಯಲ್ಲಿ,
ಒಣಗಿದ ಸೇವಂತಿಗೆ ಕುಂಡಗಳ ನಡುವೆ
ಯಾರೋ ಆರಿಸಲು ಮರೆತ ದೀಪದ ಹಾಗಿತ್ತು.
ತೊಟ್ಟಿಗೆ ಮೂರು ಎಲೆ, ಮೂರೂ ಹೊನ್ನು.
ಚೀಟಿಯಲ್ಲಿ: ಮೆಕ್ಸಿಕೋದ ಕಿತ್ತಳೆ ಹೂ. ಹೊನ್ನೆಲೆ. ನಿತ್ಯಹಸಿರು.
ಹೊನ್ನಿನ ಎಲೆಯನ್ನು ಹಸಿರೆಂದು ಕರೆದವರಿಗೆ
ಏನು ಹೇಳಲಿ? ಕಿತ್ತಳೆಯೂ ಬಿಡುವುದಿಲ್ಲ ಅದು.

ನಮ್ಮ ಹಿತ್ತಲಿಗೆ ಗುದ್ದಲಿ ಸಾಲದು, ಹಾರೆ ಬೇಕು.
ಎರಡಡಿ ಕುಣಿಗೆ ಹನ್ನೊಂದು ಬಕೆಟ್ ಕಲ್ಲು.
ಮೂಡಣ ಗಾಳಿ ತಾಗದಿರಲಿ ಎಂದು
ಪಕ್ಕದ ಮನೆಯ ಇಡ್ವಲ್‌ನ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದೆ.

ಮರುದಿನ ಗೋಡೆಯ ಮೇಲೆ ಮೊದಲು ಟೊಪ್ಪಿ, ಆಮೇಲೆ ಅವನು:
“ಕೈನ್ವೆನ್, ನಿನ್ನ ಗಿಡಕ್ಕೆ ಕಾಮಾಲೆ.”
ಅಲ್ಲ, ಅದರ ಬಣ್ಣವೇ ಅದು, ಅಂದೆ.
“ಕಾಮಾಲೆಯವರು ಅನ್ನುವುದೂ ಅದನ್ನೇ.”
ಮೂವತ್ತೆಂಟು ವರ್ಷ ಬಂಡೆ ಸೀಳಿದವನು,
ಪುಸ್ತಕದ ಪುಟದಂತೆ ಕಲ್ಲನ್ನು ಬಿಡಿಸಿದವನು,
ಆ ಧೂಳು ತಿಂದ ಎದೆಯಲ್ಲಿ ಈಗ
ಮಾತಿಗೊಂದು ಶಿಳ್ಳೆ.
ರೋಗದ ಪಾಠವನ್ನು ಅವನಿಗೆ ಯಾರು ಹೇಳಬೇಕು?

ಶನಿವಾರ ನಾನು ಚಾಪೆಲ್ ಗುಡಿಸಲು ಹೋದ ಹೊತ್ತು ನೋಡಿ
ಗೋಡೆಯಾಚೆಯಿಂದ ಕಬ್ಬಿಣದ ಟಾನಿಕ್ ಸುರಿಯುತ್ತಿದ್ದ.
ಕಲ್ಲಿನ ಮೇಲೆ ತುಕ್ಕಿನ ಗೆರೆ ಇಳಿದಿತ್ತು,
ವಾರಕ್ಕೊಂದು.
ಕೇಳಲಿಲ್ಲ. ನೀರಾದರೂ ಬಿತ್ತಲ್ಲ.

ಎರಡನೆಯ ಬೇಸಿಗೆ, ಗೋಡೆಯ ಕಡೆಯ ಎಲೆಗಳು
ಒಂದೊಂದಾಗಿ ಹಸಿರಾದವು.
“ನೋಡು,” ಅಂದ, “ಇಳಿಯಿತು.”
ಟೊಪ್ಪಿ ತೆಗೆದು ಗಿಡಕ್ಕೊಮ್ಮೆ ಬೀಸಿದ.

ನನಗೆ ಗೊತ್ತು, ಅದು ಅವನ ಗೋಡೆಯ ನೆರಳು.
ನೆರಳಲ್ಲಿ ಈ ಹೊನ್ನು ಹಸಿರಿಗೆ ತಿರುಗುತ್ತದೆ,
ಉರಿಬಿಸಿಲಲ್ಲಿ ಅಂಚು ಸುಟ್ಟು ಕಾಗದವಾಗುತ್ತದೆ,
ನಡುವೆ ಎಲ್ಲೋ ಗೇಣಗಲ ಜಾಗ ಅದಕ್ಕೆ ಸರಿ.
ಕಿತ್ತು ನೆಡಬಹುದಿತ್ತು. ಬೇರು ಕದಲಿಸಿದರೆ ಮುನಿಯುವ ಜಾತಿ,
ಮುನಿದದ್ದನ್ನು ಇಬ್ಬರಿಗೆ ವಿವರಿಸಬೇಕು.
ಹಾಗಾಗಿ ಈಗ ಅವನ ಅಡುಗೆಮನೆಗೆ ಹಸಿರು ಗಿಡ,
ಓಣಿಯಲ್ಲಿ ಬರುವ ಅಂಚೆಯವಳಿಗೆ ಹೊನ್ನಿನ ಗಿಡ.

ಮೇ ತಿಂಗಳಲ್ಲಿ ಹೂ. ಹೆಚ್ಚಿಲ್ಲ,
ಎಲೆಗೆ ಇಷ್ಟು ಖರ್ಚು ಮಾಡಿದ್ದು ಹೂವಿಗೆ ಜಿಪುಣ.
ಒಂಬತ್ತು ಗೊಂಚಲು ಎಣಿಸಿದೆ. ಬಿಳಿ.
ಇಡ್ವಲ್ ಆಗಲೇ ಸಿಲಿಂಡರಿನ ಜೊತೆಗಿದ್ದ,
ಮೂಗಿಗೆ ನಳಿಗೆ. ಹೂ ಹಿಡಿದರೆ ತಲೆಯಾಡಿಸಿದ: ಏನೂ ಇಲ್ಲ.
“ಹೇಗಿದೆ ಹೇಳು.”
ಜೇನು, ಅಂದೆ. ಮದುವೆಮನೆ, ಅಂದೆ. ಸಾಲಲಿಲ್ಲ.
ಕೊನೆಗೆ ಎಲೆಯೊಂದನ್ನು ಚಿವುಟಿ, ಅಂಗೈಯಲ್ಲಿ ಹೊಸಕಿ ಹಿಡಿದೆ.
ಅವನ ಹುಬ್ಬು ಏರಿತು.
“ಬೆಕ್ಕು!” ಅಂದ. “ಗಂಡುಬೆಕ್ಕು!”
ನಗು ಹೋಗಿ ಕೆಮ್ಮಾಗಿ, ಕೆಮ್ಮು ಹೋಗಿ ಮತ್ತೆ ನಗುವಾಗಿ
ಮಗಳು ಲೌರಿ ಮಹಡಿಯಿಂದ ಓಡಿ ಬಂದಳು.

ಹೂ ಮುಗಿದ ಮೇಲೆ ಸವರಬೇಕು, ಸವರಿದೆ.
ಓಣಿಯ ಕಡೆಯದೊಂದು ಎಳೆ ಕೊಂಬೆ
ಬೀನ್ಸ್ ಡಬ್ಬಿಯಲ್ಲಿ ಊರಿ, ಆರು ವಾರ ಕಾದು,
ಬೇರು ಹಿಡಿದ ದಿನ ಅವನ ಮಂಚದ ಬಳಿ ಇಟ್ಟೆ.
ಮೂರೇ ಎಲೆ. ಅರಿಶಿನ ಮೆತ್ತಿದ ಹಾಗೆ.

ತುಂಬ ಹೊತ್ತು ನೋಡಿದ.
ಟಾನಿಕ್ ಕೇಳುತ್ತಾನೇನೋ ಎಂದುಕೊಂಡೆ.
“ಹುಟ್ಟಿದ ಕೂಸಿಗೆ ಇದ್ದದ್ದೇ,” ಅಂದ,
“ಲೌರಿಗೂ ಇತ್ತು. ಬೆಳಕಿಗೆ ಹಿಡಿದರೆ ತಾನೇ ಇಳಿಯುತ್ತದೆ.”
ಕಲ್ಲು ಸೀಳಿದ ಎರಡು ಬೆರಳಿಂದ
ಡಬ್ಬಿಯನ್ನು ನೂಕಿದ, ಕಿಟಕಿಯ ಕಡೆಗೆ, ಇನ್ನೂ ಸ್ವಲ್ಪ,
ಬಿಸಿಲು ಬೀಳುವ ಕಡೆಗೆ.